ಅಂಡರ್‌ಪಾಸಿನ ನಾಲ್ಕು ನಿಮಿಷ

ಕತಾರಿನ ಲುಸೈಲಿನ ನಮ್ಮ ಆಫೀಸಿನಲ್ಲಿ ನನ್ನ ಕೆಲಸ ಸಣ್ಣದು. ಅಂಡರ್‌ಪಾಸುಗಳ ನೀರಿನ ಮಟ್ಟವನ್ನು ಪರದೆಯ ಮೇಲೆ ನೋಡುತ್ತ ಕೂರುವುದು, ಕೆಂಪು ಗೆರೆ ಮುಟ್ಟಿದ ಕೂಡಲೇ ಕೆಳಮಹಡಿಯ ಗೇಟ್ ಡೆಸ್ಕಿಗೆ ಫೋನ್ ಮಾಡುವುದು. ಡೆಸ್ಕಿನವನು ರಸ್ತೆ ಮುಚ್ಚಿಸುತ್ತಾನೆ. ಇಲ್ಲಿ ಮಳೆ ಅಪರೂಪ. ಬಂದರೆ ಮಾತ್ರ ನೀರು ಇಂಗುವುದಿಲ್ಲ, ನೋಡನೋಡುತ್ತ ಅಂಡರ್‌ಪಾಸ್ ತುಂಬುತ್ತದೆ.

ಆ ದಿನ ಮೋಡ ಕವಿದಿತ್ತು. ಡಬ್ಬಿ ಬಿಚ್ಚಿ ಚಿತ್ರಾನ್ನದ ಮೊದಲ ತುತ್ತು ಎತ್ತಿದ್ದೆ, ಅಲ್ ಗರಾಫಾ ಅಂಡರ್‌ಪಾಸಿನ ಮಟ್ಟ ಕೆಂಪಿಗೇರಿತು. ನನ್ನವರು ಮಗಳನ್ನು ಶಾಲೆಯಿಂದ ಕರೆತರುವುದು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ. ಕೈ ಆಫೀಸಿನ ಫೋನಿಗೆ ಹೋಗಲಿಲ್ಲ, ಮೊಬೈಲಿಗೆ ಹೋಯಿತು. ಅವರು ಎತ್ತಲಿಲ್ಲ. ಇನ್ನೊಮ್ಮೆ ಮಾಡಿ ಹೇಳಿದೆ. ನಮ್ಮ ಕನ್ನಡದವರ ಗ್ರೂಪಿಗೂ ಒಂದು ಮೆಸೇಜ್ ಹಾಕಿದೆ, ಆ ಕಡೆ ಹೋಗಬೇಡಿ ಎಂದು. ಗೇಟ್ ಡೆಸ್ಕಿಗೆ ಮಾಡಿದ್ದು ಆಮೇಲೆ.

ನೀರು ಬಂದೇ ಇರಲಿಲ್ಲ. ಅದು ಯಾರಿಗೂ ತಿಳಿಸದೆ ನಡೆಸಿದ ಅಣಕು ಪರೀಕ್ಷೆ. ಕೆಂಪು ಗೆರೆಯಿಂದ ನನ್ನ ಫೋನಿನವರೆಗೆ ಎಷ್ಟು ಹೊತ್ತಾಯಿತೆಂದು ಅಳೆದಿದ್ದರು. ನಾಲ್ಕು ನಿಮಿಷ. ಮೀಟಿಂಗಿನಲ್ಲಿ ಮ್ಯಾನೇಜರ್ ಕಾರಣ ಕೇಳಿದಾಗ, ಗೇಟ್ ಡೆಸ್ಕಿನ ಲೈನ್ ಬ್ಯುಸಿ ಇತ್ತು ಅಂದುಬಿಟ್ಟೆ.

ಡೆಸ್ಕಿನವನು ಎದುರಿಗೇ ಕೂತಿದ್ದ. ಉಡುಪಿ ಕಡೆಯವನು, ಇಬ್ಬರು ಮಕ್ಕಳ ತಂದೆ. ಅವನ ಕಾಂಟ್ರಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಎಂದು ಆ ವಾರವೇ ತೀರ್ಮಾನವಾಗಬೇಕಿತ್ತು. ಡ್ಯೂಟಿಯಲ್ಲಿ ಯಾರ ಜೊತೆ ಹರಟುತ್ತಿದ್ದೆ ಎಂದು ಮ್ಯಾನೇಜರ್ ಅವನನ್ನು ಗದರಿದರು. ಅವನು ಒಮ್ಮೆ ನನ್ನತ್ತ ನೋಡಿ, ಸಾರಿ ಸರ್ ಅಂದ.

ಲಿಫ್ಟಿನಲ್ಲಿ ಅವನನ್ನು ಕೇಳಿದೆ, ‘ಯಾಕಪ್ಪಾ ಸುಮ್ಮನಿದ್ದೆ?’

‘ಎಂತ ಹೇಳುದು ಅಕ್ಕ? ಗ್ರೂಪಲ್ಲಿ ನಿಮ್ಮ ಮೆಸೇಜ್ ನಾನೂ ನೋಡಿದ್ದೆ. ಫೋನ್ ಈಗ ಬರ್ತದೆ, ಈಗ ಬರ್ತದೆ ಅಂತ ಕಾದು ಕೂತೆ. ನೀವು ಹೇಳದೆ ನಾನು ಗೇಟ್ ಹಾಕ್ಲಿಕ್ಕಿಲ್ಲ ಅಲ್ವಾ.’ ಸ್ವಲ್ಪ ನಕ್ಕ. ‘ಅಷ್ಟರಲ್ಲಿ ಊರಿಗೆ ಒಂದು ಫೋನ್ ಮಾಡಿ ಮುಗಿಸ್ಬಹುದಿತ್ತು ಮಾರಾಯ್ರೆ.’

ಮನೆಯಲ್ಲಿ ನನ್ನವರು, ಮೊದಲು ತಮಗೇ ತಿಳಿಸಿದೆನೆಂದು ನನ್ನನ್ನು ಹೊಗಳಿದರು. ನಾನು ಸೊಪ್ಪು ಬಿಡಿಸುತ್ತಿದ್ದೆ.

ಲೈನ್ ಖಾಲಿಯೇ ಇತ್ತು, ತಡ ಮಾಡಿದವಳು ನಾನೇ ಎಂದು ಮ್ಯಾನೇಜರಿಗೆ ಮೇಲ್ ಬರೆದೆ. ಕಳಿಸಲಿಲ್ಲ. ಭಾನುವಾರ ಬರೆದದ್ದನ್ನು ದಿನಾ ತೆರೆದು, ಒಂದು ಪದ ತಿದ್ದಿ, ಮುಚ್ಚಿದೆ. ಕಳಿಸಿದ್ದು ಗುರುವಾರ, ಇಲ್ಲಿ ವಾರದ ಕೊನೆಯ ಕೆಲಸದ ದಿನ, ಎಲ್ಲರೂ ಮನೆಗೆ ಹೊರಟ ಮೇಲೆ. ಅವನ ಕಾಂಟ್ರಾಕ್ಟ್ ಉಳಿಯಿತು. ನನಗೊಂದು ಎಚ್ಚರಿಕೆ ಪತ್ರ ಬಂತು. ಆ ಐದು ದಿನ ಅವನು ಹೇಗೆ ಕಳೆದನೋ, ನಾನು ಕೇಳಿಲ್ಲ.

ಈಗಲೂ ನಾನು ಫೋನ್ ಮಾಡಿದರೆ ಅರ್ಧ ರಿಂಗಿಗೇ ಎತ್ತುತ್ತಾನೆ.