ಟಾಪು ಮುಚ್ಚಿಸಿ ನೋಡಿದ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಮೀನುಬೋಟಿನ ಇಂಜಿನ್ ರಿಪೇರಿ ಮಾಡುವಾಗ ಬೆಲ್ಟಿಗೆ ಸಿಕ್ಕಿ ಹೋದದ್ದು, ಮತ್ತೆ ಬರಲೇ ಇಲ್ಲ. ಉಗುರಿದ್ದ ಜಾಗದ ಚರ್ಮ ನಸುಗೆಂಪಾಗಿ, ಎಳೆಮಗುವಿನದರಷ್ಟು ಮೃದುವಾಗಿತ್ತು. ಬೆರಳನ್ನು ಮಗುಚಿ ಕಾರಿನ ಬಾಗಿಲ ರಬ್ಬರಿನ ಮೇಲೆ ನಿಧಾನವಾಗಿ ಎಳೆದರೆ ಕಣ್ಣಿಗೆ ಕಾಣದ ಬಿರುಕೂ ಅವರಿಗೆ ತಿಳಿಯುತ್ತಿತ್ತು.

ಕುಮಟಾದಿಂದ ಕಾಗಾಲಕ್ಕೆ ಹೋಗುವ ರಸ್ತೆಯಲ್ಲಿ ಅವರ ಗ್ಯಾರೇಜು. ನಾನು ಕುಮಟಾದಲ್ಲೇ ಹಲ್ಲಿನ ಡಾಕ್ಟರು. ಇಪ್ಪತ್ತು ವರ್ಷ ನನ್ನ ಗಾಡಿಗಳಿಗೆ ಅವರೇ ಡಾಕ್ಟರು. ನಮ್ಮ ಕಡೆ ಯಾರೇ ಹಳೆಯ ಗಾಡಿ ಕೊಳ್ಳುವುದಿದ್ದರೂ ಮೊದಲು ಅವರನ್ನು ಕರೆದುಕೊಂಡು ಹೋಗುವುದು ರೂಢಿಯಾಗಿಬಿಟ್ಟಿತ್ತು. ಬೇರೆಯವರ ಗಾಡಿ ಹತ್ತುವ ಮುಂಚೆ ಚಪ್ಪಲಿ ಕಳಚಿಡುತ್ತಿದ್ದರು. ನೋಡಿ ಮುಗಿಸಿ "ಆತು" ಎಂದರೆ ಕೊಳ್ಳಬಹುದು. ಏನೂ ಹೇಳದೆ ಚಪ್ಪಲಿ ಮೆಟ್ಟಿದರೆ ವಾಪಸು ಹೊರಡಬೇಕು.

ನನಗೊಂದು ಹುಚ್ಚಿತ್ತು. ಗುಂಡಿ ಒತ್ತಿದರೆ ಬಟ್ಟೆಯ ಟಾಪು ಹಿಂದಕ್ಕೆ ಮಡಚಿಕೊಳ್ಳುತ್ತದಲ್ಲ, ಅಂಥ ದೊಡ್ಡ ಕಾರಿನಲ್ಲಿ ಹೊನ್ನಾವರದ ಸೇತುವೆ ದಾಟಬೇಕು ಎಂದು. "ನಮ್ಮೂರ ಮಳೆಗೆ ಆ ಗಾಡಿಯಾ? ಒಳಗೆ ಕೊಡೆ ಹಿಡ್ಕಂಡು ಕೂರ್ತೀಯಾ?" ಎಂದು ನನ್ನ ಗಂಡ ನಗಾಡಿದ್ದರು. ನಾನು ಕೇಳುವ ಪೈಕಿಯೇ? ಮುರ್ಡೇಶ್ವರದಲ್ಲಿ ಅಂಥದೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಮುಂಬೈಯಿಂದ ತಂದದ್ದು. ಮಾರುವವನು ಮೇಸ್ತ್ರಿಯ ಅಳಿಯ, ಹಳೆಯ ಗಾಡಿಗಳ ವ್ಯಾಪಾರಿ.

ಮಾವನನ್ನೇ ಎದುರಿಗೆ ನಿಲ್ಲಿಸಿಕೊಂಡರೆ ಅಳಿಯ ಮೋಸ ಮಾಡಲಾರ ಎಂಬುದು ನನ್ನ ಜಾಣತನ. ಹೋಗಿ ಕರೆದಾಗ ಮೇಸ್ತ್ರಿ ಬಹಳ ಹೊತ್ತು ಸ್ಪ್ಯಾನರು ಒರೆಸಿದರು.

"ಡಾಕ್ಟ್ರೇ, ಇದೊಂದ್ಕೆ ನನ್ನ ಕರೀಬೇಡಿ. ನಾ ಬಂದ್ರೆ ನೋಡ್ಬೇಕಾತದೆ. ನೋಡಿದ್ಮೇಲೆ ಹೇಳ್ಬೇಕಾತದೆ. ನಂಗೆ ಇರೂದು ಒಬ್ಳೇ ಮಗಳು, ಅವ್ಳು ಆ ಮನೇಲಿ ಬದುಕ್ಬೇಕು."

ಅಷ್ಟು ಬಿಡಿಸಿ ಹೇಳಿದರೂ ನಾನು ಬಿಡಲಿಲ್ಲ. "ನೀವು ನೋಡದ ಗಾಡಿ ನಾನು ಯಾವತ್ತಾದರೂ ತಗೊಂಡದ್ದುಂಟಾ?" ಎಂದೆ. ಅವರು ಅಂಗಿ ಬದಲಾಯಿಸಿಕೊಂಡು ಬಂದರು.

ಅಳಿಯ ಟಾಪು ತೆಗೆದೇ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದ. ಕೆಂಪು ಸೀಟು ಬಿಸಿಲಿಗೆ ಹೊಳೆಯುತ್ತಿತ್ತು. ಮನಸ್ಸಿನಲ್ಲೇ ನಾನದನ್ನು ಕೊಂಡಾಗಿತ್ತು.

"ಟಾಪು ಮುಚ್ಚಿ ತೋರ್ಸಿ," ಎಂದರು ಮೇಸ್ತ್ರಿ.

"ಎಲ್ರೂ ತೆಗ್ದು ನೋಡ್ತಾರೆ. ನಿಮ್ದೊಂದು ಉಲ್ಟಾ, ಮಾವ," ಎಂದು ಅಳಿಯ ನಗುತ್ತಲೇ ಗುಂಡಿ ಒತ್ತಿದ. ಟಾಪು ಅರ್ಧಕ್ಕೆ ಬಂದು ನರಳಿ ನಿಂತಿತು. ಎರಡನೆಯ ಸಲ ಒತ್ತಿದ ಮೇಲೆ ಮುಚ್ಚಿತು. ಒಳಬದಿಯ ಬಟ್ಟೆಯಲ್ಲಿ, ಗಾಜಿನ ಹತ್ತಿರ ಅಂಗೈಯಗಲದ ಕಲೆ. ಟಾಪನ್ನು ಎತ್ತುವುದು ಎಣ್ಣೆಯ ಪಂಪು, ಆ ಎಣ್ಣೆ ಸೋರುತ್ತಿದೆ ಎಂದರು ಮೇಸ್ತ್ರಿ. ಹಿಂದಿನ ಗಾಜಿನ ಅಂಚು ಅಂಟು ಬಿಟ್ಟಿತ್ತು. ಇದೆಲ್ಲ ರಿಪೇರಿಯಾಗುವಂಥದು ಎಂದು ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಅವರು ಜಗಲಿಯಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ, "ಒಂದು ಕೊಡ ನೀರು ತಾ ಮಗಾ," ಎಂದರು. ಅಪ್ಪ ಬಂದ ಖುಷಿಯಲ್ಲಿ ಅವಳು ಓಡಿಹೋಗಿ ತಂದಳು. ಟಾಪು ಬಂದು ಕೂರುವ ಸಂದಿಯ ಗುಂಟ ಅವರು ನೀರನ್ನು ಸಣ್ಣಗೆ ಹೊಯ್ದರು.

"ಈ ನೀರು ಹಿಂದಿನ ಚಕ್ರದ ಹತ್ರ ಕೆಳಗೆ ಬೀಳ್ಬೇಕು. ಅದ್ಕೇ ಅಂತ ಎರಡೂ ಬದಿಗೆ ಕೊಳವೆ ಇಟ್ಟಿರ್ತಾರೆ."

ನಾವೆಲ್ಲ ಕುಕ್ಕರಗಾಲಿನಲ್ಲಿ ಕೂತು ಚಕ್ರದ ಹತ್ತಿರ ನೋಡಿದೆವು. ಕೊಡ ಖಾಲಿಯಾಯಿತು. ನೆಲ ಒಣಗಿಯೇ ಇತ್ತು.

ಮೇಸ್ತ್ರಿ ಸೀಟಿನ ಹಿಂದಿನ ಹಾಸು ಎತ್ತಿದರು. ನೀರೆಲ್ಲ ಅಲ್ಲಿತ್ತು. ನೀರಿನಡಿ ಕಡಲತಡಿಯ ಮರಳು, ಸೀಟಿನಡಿಯ ಪೆಟ್ಟಿಗೆಯಲ್ಲಿ ಹಸಿರುಗಟ್ಟಿದ ವಯರುಗಳು. ಗಾಡಿಯಡಿಗೆ ಮಲಗಿ ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗಡು ಒಡೆದು ತುಕ್ಕು ಅವರ ಎದೆಯ ಮೇಲೆ ಉದುರಿತು. ಮದುವೆಯ ಜೋಡಿಗಳ ಫೋಟೋಕ್ಕೆಂದು ಗಾಡಿಯನ್ನು ಒದ್ದೆ ಮರಳಿಗೆ ಇಳಿಸಿದ್ದು ನಿಜ ಎಂದು ಅಳಿಯ ಸಣ್ಣ ದನಿಯಲ್ಲಿ ಒಪ್ಪಿಕೊಂಡ.

ಮೇಸ್ತ್ರಿ ಎದ್ದು ನಿಂತು ನನಗೇ ಹೇಳಿದರು: "ಟಾಪು ಬಟ್ಟೇದು. ಇಂಥ ಗಾಡಿಯ ಬಲ ಎಲ್ಲ ಅಡಿಗೇ ಇರೂದು. ಅಡಿಯೇ ಹೋಗ್ಯದೆ. ಇದ್ರಲ್ಲಿ ಹತ್ಬೇಡಿ."

"ನನ್ನ ಬದಿಗೆ ಕರ್ದು ಹೇಳ್ಬಹುದಿತ್ತು, ಮಾವ," ಎಂದ ಅಳಿಯ.

"ಕೇಳಿದ್ದು ಅವ್ರು," ಎಂದರು ಮೇಸ್ತ್ರಿ. ಮಗಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಸುದ್ದಿ ಹೊನ್ನಾವರದಿಂದ ಭಟ್ಕಳದವರೆಗೆ ಹಬ್ಬಿತು. ಸ್ವಂತ ಮಾವನೇ ಬೇಡವೆಂದ ಗಾಡಿ ಎಂದ ಮೇಲೆ ಅಳಿಯನ ಹತ್ತಿರ ಉಳಿದ ಗಾಡಿಗಳನ್ನೂ ಯಾರೂ ಕೇಳಲಿಲ್ಲ. ಅಳಿಯ ಕೆಟ್ಟವನೇನಲ್ಲ, ಆದರೆ ಅವಮಾನ ನುಂಗಲಾರದ ಮನುಷ್ಯ. ಎರಡು ಚೌತಿ ಕಳೆಯಿತು, ಮಗಳು ತವರಿಗೆ ಬರಲಿಲ್ಲ. ಅಪ್ಪ ಮಗಳ ನಡುವೆ ಫೋನಿನಲ್ಲಿ ಕದ್ದುಮುಚ್ಚಿ ಎರಡು ಮಾತು, ಅಷ್ಟೆ.

ತಡೆಯಲಾರದೆ ಒಂದು ದಿನ ಗ್ಯಾರೇಜಿಗೆ ಹೋಗಿ, "ನನ್ನಿಂದ ಹೀಗಾಯ್ತು ಮೇಸ್ತ್ರಿ," ಎಂದೆ.

"ನಿಮ್ದೆಂತ ಇಲ್ಲ. ಹೇಳೂದು ಹೇಳ್ದೆ, ಅದ್ಕೆ ಬೇಜಾರಿಲ್ಲ." ಸ್ಪ್ಯಾನರು ಕೆಳಗಿಟ್ಟು, "ನೀರು ಮಾತ್ರ ಅವ್ಳ ಹತ್ರ ಕೇಳ್ಬಾರ್ದಿತ್ತು. ಬಾವಿ ಅಲ್ಲೇ ಇತ್ತು. ನಾನೇ ಸೇದ್ಕೊಳ್ಬಹುದಿತ್ತು," ಎಂದರು.

ಮುರ್ಡೇಶ್ವರಕ್ಕೆ ಹೋಗಿ ಅಳಿಯನ ಕಾಲಿಗಾದರೂ ಬೀಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಕ್ಲಿನಿಕ್ಕು, ಮಳೆ, ನೆಂಟರು, ಏನಾದರೊಂದು ನೆವ. ನಿಜವಾಗಿ ನನಗೆ ಆ ಅಂಗಳಕ್ಕೆ ಹೋಗಲು ಹೆದರಿಕೆ.

ಹೋದ ಮಳೆಗಾಲದಲ್ಲಿ ಮೇಸ್ತ್ರಿ ಗ್ಯಾರೇಜಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಮಗಳು ಬಂದಾಗ ಅವರನ್ನು ಜಗಲಿಯಲ್ಲಿ ಮಲಗಿಸಿಯಾಗಿತ್ತು. ಅಳಿಯನೂ ಬಂದು ದೂರದಲ್ಲಿ ಕಂಬಕ್ಕೆ ಒರಗಿ ನಿಂತ. ಅವಳು ಅಪ್ಪನ ತಲೆಯ ಹತ್ತಿರ ಚಾಪೆಯ ಮೇಲೆ ಕೂತಿದ್ದಳು. ನಾನು ಬಳಿ ಹೋದಾಗ ತಲೆಯೆತ್ತಿ ಕೇಳಿದಳು.

"ಡಾಕ್ಟ್ರೇ, ನೀವು ಆ ಗಾಡಿ ತಕೊಳ್ಲಿಲ್ಲ ಅಲ್ಲ?"

"ಇಲ್ಲ," ಎಂದೆ.

"ಹಂಗಾರೆ ಆತು," ಎಂದಳು.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು ನನಗೂ ಜಾಗ ಮಾಡಿದಳು.