ಅಜ್ಜನ ಶನಿವಾರದ ಕಾರ್ಡು

ಆ ಗುಂಪನ್ನು ಮುಚ್ಚಿದವಳು ನಾನೇ. ಕಾಲ ಬದಲಾಯಿತು, ಜನ ಹೊಸ ಹೊಸ ತಾಣಗಳಿಗೆ ಹೋದರು, ಅದು ತಾನಾಗಿಯೇ ನಿಂತುಹೋಯಿತು ಎಂದು ಕೆಲವರ ಹತ್ತಿರ ಹೇಳಿದ್ದೇನೆ. ಅದು ಸುಳ್ಳು. ಒಂಬತ್ತು ವರ್ಷ ಸಾಕಿದ್ದನ್ನು ನಾನೇ ಕೆಡಿಸಿ, ನಾನೇ ಬಾಗಿಲು ಹಾಕಿದೆ.

ಆಗ ನಾನು ಹಳೇಬೀಡಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುತ್ತಿದ್ದ ಟೀಚರ್. ನಾನು ವರಾಂಡದಲ್ಲಿ ಬಂದರೆ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಇಂಥವಳಿಗೆ ಹಾಡಿನ ಹುಚ್ಚಿದೆ ಎಂದರೆ ಸ್ಟಾಫ್ ರೂಮಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಹಾಡು ಎಂದರೆ ಎಲ್ಲ ಹಾಡೂ ಅಲ್ಲ, ಒಬ್ಬರೇ ಒಬ್ಬ ಗಾಯಕಿಯದು. ಕಪ್ಪು-ಬಿಳುಪು ಸಿನಿಮಾದ ಕಾಲದಲ್ಲಿ ಕೆಲವು ವರ್ಷ ಹಾಡಿ, ಆಮೇಲೆ ಸದ್ದಿಲ್ಲದೆ ಹಿಂದೆ ಸರಿದವರು. ಹೆಸರು ಹೇಳುವುದಿಲ್ಲ. ಹೇಳಿದರೆ ಹತ್ತರಲ್ಲಿ ಒಂಬತ್ತು ಜನ 'ಯಾರದು?' ಅನ್ನುತ್ತೀರಿ, ನನಗೆ ಸುಮ್ಮನೆ ಸಿಟ್ಟು ಬರುತ್ತದೆ. ನಮ್ಮ ಗುಂಪಿನಲ್ಲಿ ಅವರನ್ನು 'ನಮ್ಮಾಕೆ' ಎಂದು ಕರೆಯುತ್ತಿದ್ದೆವು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಅಂಗಡಿಯೊಂದು ತೆರೆಯಿತು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಹಳೇಬೀಡಿನಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಒಬ್ಬರು ಬರೆದದ್ದು ಎಲ್ಲ ಸದಸ್ಯರಿಗೂ ತಲುಪುವಂಥ ಇ-ಮೇಲ್ ಗುಂಪು ಕಟ್ಟುವುದನ್ನು ಅಲ್ಲೇ ಕಲಿತೆ. ಮೊದಲು ನಾವು ಐದು ಜನ, ನೋಡನೋಡುತ್ತಾ ಇನ್ನೂರು ದಾಟಿದೆವು. ಮುಂಬೈ, ಮಂಗಳೂರು, ದುಬೈ, ಎಲ್ಲೆಲ್ಲಿಯವರೋ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕುಟ್ಟಿ ನಮ್ಮಾಕೆಯ ಒಂದೊಂದು ಹಾಡಿಗೂ ವಾರಗಟ್ಟಲೆ ಜಗಳ ಆಡುತ್ತಿದ್ದೆವು. ನನಗೆ ಅಷ್ಟು ಸುಖ ಬೇರೆ ಎಲ್ಲೂ ಸಿಕ್ಕಿರಲಿಲ್ಲ.

ಅರಸೀಕೆರೆಯ ಅಜ್ಜ ಸಿಕ್ಕಿದ್ದು ಇದೇ ಹೊತ್ತಿನಲ್ಲಿ. ಪತ್ರಿಕೆಯೊಂದಕ್ಕೆ ನಾನು ನಮ್ಮಾಕೆಯ ಬಗ್ಗೆ ಬರೆದ ಪುಟ್ಟ ಪತ್ರ ನೋಡಿ, ಸ್ಕೂಲಿನ ವಿಳಾಸಕ್ಕೆ ಒಂದು ಪೋಸ್ಟ್ ಕಾರ್ಡು ಹಾಕಿದ್ದರು. ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಗ, ಸೊಸೆಯ ಜೊತೆ ಊರಾಚೆಯ ತೆಂಗಿನ ತೋಟದ ಮನೆಯಲ್ಲಿದ್ದರು. ಕಂಪ್ಯೂಟರನ್ನು ಕಣ್ಣಾರೆ ಕಂಡವರಲ್ಲ. ಅವರು ಕಾರ್ಡು ಬರೆಯುವುದು, ನಾನು ಅದನ್ನು ಬೇಲೂರಿಗೆ ಒಯ್ದು ಟೈಪು ಮಾಡಿ ಗುಂಪಿಗೆ ಹಾಕುವುದು ಎಂದು ಒಪ್ಪಂದವಾಯಿತು. ಒಂದಕ್ಷರ ಬದಲಿಸಬಾರದು ಎಂಬುದು ಅವರ ಷರತ್ತು.

ಗುರುವಾರ ಕಾರ್ಡು ಬರುತ್ತಿತ್ತು, ಶನಿವಾರ ಗುಂಪಿಗೆ ಹೋಗುತ್ತಿತ್ತು. ಮೊದಲು ತೆಂಗಿನ ಮರಗಳ ಕ್ಷೇಮ ಸಮಾಚಾರ, ಆಮೇಲೆ ಒಂದು ಹಾಡು. ಆ ಹಾಡನ್ನು ರೇಡಿಯೋದಲ್ಲಿ ಮೊದಲು ಕೇಳಿದಾಗ ಸ್ಟೇಷನ್ನಿನಲ್ಲಿ ಯಾವ ಗಾಡಿ ನಿಂತಿತ್ತು, ಎಷ್ಟು ತಡವಾಗಿತ್ತು, ಯಾರು ಇಳಿದರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಕಾರ್ಡು ತುಂಬಿದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕೆಲವು ಸಲ ಕೊನೆಯ ಸಾಲು ವಿಳಾಸದ ಪಕ್ಕ ಅಡ್ಡಡ್ಡ ಹತ್ತಿಕೊಂಡು ಹೋಗಿ ಅರ್ಧಕ್ಕೇ ಕಡಿದುಹೋಗುತ್ತಿತ್ತು. ನಾನೂ ಹಾಗೇ ಅರ್ಧಕ್ಕೇ ಟೈಪು ಮಾಡುತ್ತಿದ್ದೆ. ಜನಕ್ಕೆ ಅದೇ ಇಷ್ಟವಾಗಿತ್ತು. ಇಳಿದವರು ಯಾರು, ಮುಂದೇನಾಯಿತು ಎಂದು ವಾರವಿಡೀ ಕೇಳುತ್ತಿದ್ದರು.

ಏಳನೆಯ ವರ್ಷದ ಹೊತ್ತಿಗೆ ಗುಂಪು ಸೊರಗಿತು. ಒಂದು ಹಾಡು ನಮ್ಮಾಕೆಯದೋ ಬೇರೆಯವರದೋ ಎಂಬ ವಾದ ಬೆಳೆದು ಎರಡು ಪಂಗಡವಾಯಿತು. ಜಗಳ ಬಿಡಿಸುವ ಬದಲು ನಾನೂ ಸೊಂಟ ಕಟ್ಟಿ ನಿಂತು ನಾಲ್ಕು ಜನರ ಮನಸ್ಸು ನೋಯಿಸಿದೆ. ಉಳಿದವರನ್ನು ಫೋಟೋ, ವಿಡಿಯೋ ಇರುವ ಹೊಸ ತಾಣಗಳು ಎಳೆದುಕೊಂಡವು. ಅಜ್ಜನ ಕಾರ್ಡಿಗೋಸ್ಕರ ಇನ್ನೂ ಇದ್ದೇನೆ ಎಂದು ಒಬ್ಬರಾದ ಮೇಲೆ ಒಬ್ಬರು ಬರೆದರು.

ಅಂಥ ಸಮಯದಲ್ಲಿ ಒಂದು ಗುರುವಾರ ಬಂದ ಕಾರ್ಡಿನ ಮೇಲೆ ಬೇರೆ ಕೈಬರಹವಿತ್ತು. ಸೊಸೆ ಬರೆದಿದ್ದರು. ಮಾವನವರು ಹೋದ ಬುಧವಾರ ತೀರಿಕೊಂಡರು, ಈ ಶನಿವಾರ ಹನ್ನೊಂದನೇ ದಿನದ ಕಾರ್ಯ, ನಿಮ್ಮ ಹಾಡಿನ ಜನಕ್ಕೆಲ್ಲ ದಯವಿಟ್ಟು ತಿಳಿಸಿ, ಎಂದಿತ್ತು.

ನಾನು ತಿಳಿಸಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ, ಅಳುವೂ ಬಂತು. ಆದರೆ ತಿಳಿಸಲಿಲ್ಲ. ತಿಳಿಸಿದರೆ ಗುಂಪು ಅಂದೇ ಚದುರುತ್ತದೆ ಎಂದು ಹೆದರಿದೆ. ಅರಸೀಕೆರೆಗೂ ಹೋಗಲಿಲ್ಲ. ಹೋದರೆ ಎಲ್ಲರಿಗೂ ಹೇಳಿದ್ರಾ ಎಂದು ಕೇಳುತ್ತಾರಲ್ಲ. ಅಜ್ಜ ಒಂದೊಂದು ವಾರ ಎರಡು ಕಾರ್ಡು ಹಾಕಿ, ಒಂದನ್ನು ಇಟ್ಟುಕೊಂಡಿರಮ್ಮ, ಮಳೆಗಾಲದಲ್ಲಿ ಟಪಾಲು ತಡವಾದರೆ ಬೇಕಾಗುತ್ತೆ ಎನ್ನುತ್ತಿದ್ದರು. ಹಾಗೆ ಉಳಿದಿದ್ದ ಎರಡರಲ್ಲಿ ಒಂದನ್ನು, ಅವರ ಮನೆಯಲ್ಲಿ ಎಡೆ ಇಡುತ್ತಿದ್ದ ಅದೇ ಶನಿವಾರ, ಬೇಲೂರಿನಲ್ಲಿ ಕುಳಿತು ಟೈಪು ಮಾಡಿ ಹಾಕಿದೆ. ಮುಂದಿನ ವಾರ ಇನ್ನೊಂದು. ಮೂರನೆಯ ವಾರ ನನ್ನ ಹತ್ತಿರ ಏನೂ ಇರಲಿಲ್ಲ.

ಅಂಚೆ ಕಚೇರಿಗೆ ಹೋಗಿ ಖಾಲಿ ಕಾರ್ಡು ತಂದೆ. ಮೊದಲು ಅದರ ಮೇಲೆ ಬರೆದೆ. ಎಲ್ಲಿಗೆ ತುಂಬುತ್ತದೆ, ಯಾವ ಪದಕ್ಕೆ ಜಾಗ ಸಾಲದು ಎಂದು ನೋಡಿಕೊಂಡು, ಸರಿಯಾಗಿ ಅಲ್ಲಿಗೇ ನಿಲ್ಲಿಸಿ ಆಮೇಲೆ ಟೈಪು ಮಾಡಿದೆ. ತೆಂಗಿಗೆ ನೀರು ಹಾಯಿಸಿದೆ, ಗಾಡಿ ತಡ ಮಾಡಿಸಿದೆ, ಒಬ್ಬ ಹೆಂಗಸನ್ನು ಇಳಿಸಿ ಅರ್ಧಕ್ಕೇ ಬಿಟ್ಟೆ. ಯಾರಿಗೂ ಅನುಮಾನ ಬರಲಿಲ್ಲ. ಒಂದು ತಿಂಗಳು, ಆಮೇಲೆ ನಿಧಾನವಾಗಿ ಹೇಳಿಬಿಡೋಣ ಎಂದುಕೊಂಡೆ. ಅದು ಹತ್ತು ತಿಂಗಳಾಯಿತು. ನಡುವೆ ಯಾರೋ, ಅಜ್ಜ ಈಚೆಗೆ ಇನ್ನೂ ಚೆನ್ನಾಗಿ ಬರೀತಿದಾರೆ ಎಂದು ಬರೆದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅವತ್ತು ಹಳೇಬೀಡಿನವರೆಗೂ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಾ ಬಂದೆ.

ಗುಂಪಿನಲ್ಲಿ ತುಮಕೂರಿನ ಮೇಡಂ ಒಬ್ಬರಿದ್ದರು. ನಿವೃತ್ತ ಹೆಡ್‌ಮಿಸ್ಟ್ರೆಸ್, ಜಗಳಕ್ಕೆ ಸೇರದವರು. ನಾಲ್ಕನೆಯ ತಿಂಗಳಲ್ಲಿ ಅವರ ಯಜಮಾನರು ತೀರಿಕೊಂಡರು. ಅಜ್ಜ ಒಂದು ಮಾತು ಬರೆದರೆ ಸಮಾಧಾನವಾಗುತ್ತೆ ಎಂದು ಅವರೇ ಕೇಳಿಕೊಂಡರು. ಬರೆದೆ. ಗಾಡಿ ಹೋದ ಮೇಲೂ ಹಳಿ ಸ್ವಲ್ಪ ಹೊತ್ತು ಬೆಚ್ಚಗಿರುತ್ತೆ ತಾಯಿ, ಕೈಯಿಟ್ಟು ನೋಡಿದ್ದೇನೆ, ಎಂದು ಬರೆದೆ. ಹಳಿಯನ್ನು ನಾನು ಎಂದೂ ಮುಟ್ಟಿದವಳಲ್ಲ.

ಚಳಿಗಾಲದಲ್ಲಿ ಅಜ್ಜನಿಗೆ ಎದೆಯಲ್ಲಿ ಶೀತ ಎಂದು ಒಂದು ಕಾರ್ಡಿನಲ್ಲಿ ಬರೆದಿದ್ದೆ, ನಿಜದ ಹಾಗೆ ಕಾಣಲಿ ಎಂದು. ಅದೇ ನನ್ನ ಕೊರಳಿಗೆ ಬಂತು. ಮೇಡಂ ಒಂದು ಮಫ್ಲರ್ ಹೆಣೆದರು. ಮುಂದಿನ ಭಾನುವಾರ ರೈಲಿನಲ್ಲಿ ಅರಸೀಕೆರೆಗೆ ಬಂದು ಅಜ್ಜನ ಕೈಗೇ ಕೊಡುತ್ತೇನೆ ಎಂದರು. ಕಡೂರಿನ ಮಗಳ ಮನೆಗೆ ಹೊರಟಿದ್ದೇನೆ ಎಂದು ಅಜ್ಜನ ಹೆಸರಿನಲ್ಲಿ ಬರೆದೆ. ಪರವಾಗಿಲ್ಲ, ಸೊಸೆಯ ಕೈಗೆ ಕೊಟ್ಟು ಬರುತ್ತೇನೆ, ಸ್ಟೇಷನ್ ಹತ್ತಿರ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ ಅಂತ ನೀವೇ ಬರೆದಿದ್ದಿರಲ್ಲ, ಎಂದು ಉತ್ತರ ಬಂತು.

ಸ್ಟೇಷನ್ನಿಗೆ ನಾನೂ ಬರುತ್ತೇನೆ ಎಂದು ಮೇಡಂಗೆ ಬರೆದು, ಭಾನುವಾರ ಬೆಳಿಗ್ಗೆ ಅರಸೀಕೆರೆಗೆ ಹೋಗಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತೆ. ಇಳಿದ ತಕ್ಷಣ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ತೆಳ್ಳಗಿನ, ಕನ್ನಡಕದ ಹೆಂಗಸು ಬಟ್ಟೆಯ ಚೀಲ ಎದೆಗವಚಿಕೊಂಡು ಇಳಿದು, ನನ್ನ ಎರಡೂ ಕೈ ಹಿಡಿದುಕೊಂಡು, ನೀವು ಇಲ್ಲದಿದ್ದರೆ ಇಂಥವರು ನಮಗೆ ಸಿಗುತ್ತಲೇ ಇರಲಿಲ್ಲ ಎಂದರು. ಆಟೋದಲ್ಲಿ ಹೇಳೋಣ ಎಂದುಕೊಂಡೆ, ತೋಟದ ದಾರಿಯಲ್ಲಿ ಹೇಳೋಣ ಎಂದುಕೊಂಡೆ. ಕೊನೆಗೆ ಮನೆಯ ಅಂಗಳವೇ ಬಂತು.

ಸೊಸೆ ನನ್ನನ್ನು ಗುರುತು ಹಿಡಿದರು. ಹಿಂದೆ ಒಂದು ಸಲ ಅಲ್ಲಿ ಊಟ ಮಾಡಿದ್ದೆ. ಚಾಪೆ ಹಾಸಿ ಕೂರಿಸಿ, ಇವರು ಯಾರು ಎಂದು ಕೇಳಿದರು. ಹಾಡಿನ ಗುಂಪಿನವರು ಎಂದು ಮೇಡಂ ತಾವೇ ಹೇಳಿದರು. ಸೊಸೆ ಇಬ್ಬರನ್ನೂ ನೋಡಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಬಂದ್ರಾ? ಮಾವ ಹೋಗಿ ವರ್ಷ ಆಗ್ತಾ ಬಂತು. ತಿಥಿ ದಿನ ನಮ್ಮೋರು ಇಪ್ಪತ್ತು ಎಲೆ ಜಾಸ್ತಿ ಹಾಕ್ಸಿದ್ರು. ಅಪ್ಪನ ಹಾಡಿನ ಜನ ಬತ್ತಾರೆ, ದೂರದಿಂದ ಬರೋರು, ತಡ ಆಯ್ತದೆ ಅಂತ. ಮೂರು ಗಂಟೆ ತಂಕ ಕಾದ್ವಿ ಕಣ್ರಮ್ಮ. ಒಬ್ರೂ ಬರ್ನಿಲ್ಲ, ಒಂದು ಕಾಗ್ದಾನೂ ಇಲ್ಲ."

ಮೇಡಂ ನನ್ನ ಕಡೆ ತಿರುಗಲೇ ಇಲ್ಲ. ಎಲ್ಲ ಅರ್ಥವಾಗಿದೆ ಎಂದು ನನಗೆ ಅವರ ಬೆನ್ನು ನೋಡಿಯೇ ತಿಳಿಯಿತು. ಕೊಟ್ಟ ಕಾಫಿ ಕುಡಿದರು. ನಮಗೆ ಸುದ್ದಿ ತಡವಾಗಿ ತಿಳಿಯಿತು, ತಪ್ಪಾಯಿತು, ಎಂದು ನನ್ನ ತಪ್ಪನ್ನು ತಮ್ಮ ಮೇಲೂ ಹಾಕಿಕೊಂಡರು. ಚೀಲದಿಂದ ಮಫ್ಲರ್ ತೆಗೆದು, ನಿಮ್ಮ ಯಜಮಾನರಿಗೆ ಆಗುತ್ತೆ ಎಂದು ಸೊಸೆಯ ಕೈಗೆ ಕೊಟ್ಟರು.

ವಾಪಸು ಸ್ಟೇಷನ್ನಿಗೆ ಬಂದು ಬೆಂಚಿನ ಮೇಲೆ ಕುಳಿತೆವು. ಗುಂಪು ಉಳಿಸಿಕೊಳ್ಳಲು ಹಾಗೆ ಮಾಡಿದೆ ಎಂದು ನಾನು ಶುರು ಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ನಮ್ಮನೆಯವರು ಹೋದಾಗ ಬಂದಿತ್ತಲ್ಲ, ಅದು?"

"ನಾನೇ ಬರೆದಿದ್ದು."

ಗಾಡಿ ಬಂತು. ಹತ್ತುವ ಮುಂಚೆ ಬಾಗಿಲಿನ ಕಂಬಿ ಹಿಡಿದುಕೊಂಡು ಹೇಳಿದರು: "ಅದನ್ನ ಪ್ರಿಂಟ್ ತೆಗೆಸಿ ದೇವರ ಮನೇಲಿ ಇಟ್ಟಿದ್ದೀನಿ ಕಣಮ್ಮ. ದಿನಾ ಕೈ ಮುಗೀತೀನಿ. ಈಗ ಅದನ್ನ ಏನ್ ಮಾಡ್ಲಿ, ನೀನೇ ಹೇಳು."

ಗಾಡಿ ಹೊರಟಿತು. ಅಂದು ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಜನರ ಮುಂದೆ, ನನ್ನ ಸ್ಕೂಲಿನ ಮಕ್ಕಳು ಯಾರಾದರೂ ನೋಡಿದರೂ ನೋಡಲಿ ಎಂದು, ಬಿಕ್ಕಿ ಬಿಕ್ಕಿ ಅತ್ತೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಮುಂದಿನ ಶನಿವಾರ ಬೇಲೂರಿಗೆ ಹೋಗಿ ಎಲ್ಲವನ್ನೂ ಬರೆದೆ. ಯಾವ ಕಾರ್ಡಿನವರೆಗೆ ಅಜ್ಜ, ಯಾವುದರಿಂದ ನಾನು ಎಂದು ಬಿಡಿಸಿ ಹೇಳಿದೆ. ಉತ್ತರಗಳು ದಬದಬನೆ ಬಿದ್ದವು. ಮೋಸಗಾತಿ ಎಂದರು. ಒಬ್ಬರು, ನನಗೆ ಮೊದಲೇ ಅನುಮಾನವಿತ್ತು ಎಂದರು. ಅವರಿಗೆ ಎಲ್ಲದರಲ್ಲೂ ಮೊದಲೇ ಅನುಮಾನವಿರುತ್ತಿತ್ತು. ಕೆಲವರು ಕರುಣೆ ತೋರಿಸಿದರು. ನಿಮ್ಮ ಕೈ ಚೆನ್ನಾಗಿದೆ, ನಿಮ್ಮ ಹೆಸರಿನಲ್ಲೇ ಬರೆಯಿರಿ, ಗುಂಪು ನಡೆಯಲಿ ಎಂದರು. ಬೈಗುಳಕ್ಕಿಂತ ಅದೇ ಹೆಚ್ಚು ಆಸೆ ಹುಟ್ಟಿಸಿತು. ಎರಡು ವಾರ ಪ್ರಯತ್ನಪಟ್ಟೆ. ನಮ್ಮಾಕೆಯ ಹಾಡು ನಾನು ಮೊದಲು ಕೇಳಿದ್ದು ಎಲ್ಲಿ, ಯಾವಾಗ ಎಂದು ಬರೆಯಲು ಕುಳಿತರೆ ನಾಲ್ಕನೆಯ ಸಾಲಿಗೆ ಅಜ್ಜನ ಗಾಡಿ ಬಂದು ನಿಲ್ಲುತ್ತಿತ್ತು. ನನ್ನದು ಎನ್ನುವಂಥ ಮಾತು ಒಂದೂ ಹುಟ್ಟಲಿಲ್ಲ.

ಮೂರನೆಯ ಶನಿವಾರ ಇ-ಮೇಲ್ ಪೆಟ್ಟಿಗೆ ತೆರೆದಾಗ ಮೊದಲು ಕಂಡದ್ದು ಒಂದು ಸೂಚನೆ: ತುಮಕೂರಿನ ಮೇಡಂ ಗುಂಪು ಬಿಟ್ಟಿದ್ದರು. ಕಾರಣ ಬರೆದಿರಲಿಲ್ಲ. ಗುಂಪನ್ನೇ ಅಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿದೆ. ಒತ್ತಿದರೆ ಯಾವುದೂ ವಾಪಸು ಬರುವುದಿಲ್ಲ, ನಿಜವಾಗಿಯೂ ಅಳಿಸಬೇಕೇ, ಎಂದು ಪರದೆ ಕೇಳಿತು. ಒಂಬತ್ತು ವರ್ಷದ ಜಗಳ, ನಗು, ಹಾಡು. ಒತ್ತಿದೆ. ಇನ್ನೂ ಅರ್ಧ ಗಂಟೆ ಬಾಕಿ ಇದೆ ಮೇಡಂ ಎಂದು ಅಂಗಡಿಯವರು ಹೇಳಿದರು. ಬೇಡ ಎಂದು ಎದ್ದು ಬಂದೆ.

ಆಮೇಲೆ ಶನಿವಾರ ಮಧ್ಯಾಹ್ನಕ್ಕೆ ಟ್ಯೂಷನ್ ಹಾಕಿಕೊಂಡೆ. ಸುಮ್ಮನೆ ಕೂತರೆ ಕಾರ್ಡು ಬರೆಯದೆ ಕೈ ತಡೆಯುತ್ತಿರಲಿಲ್ಲ. ರೇಡಿಯೋದಲ್ಲಿ ನಮ್ಮಾಕೆಯ ದನಿ ಬಂದರೆ ಈಗಲೂ ಎದ್ದು ಹೋಗಿ ಆರಿಸುತ್ತೇನೆ. ಅಜ್ಜನ ನಿಜವಾದ ಕಾರ್ಡುಗಳು ಮಾತ್ರ ಟ್ರಂಕಿನಲ್ಲಿದ್ದವು. ಬೇಸಿಗೆ ರಜೆಯಲ್ಲಿ ಅವನ್ನು ದಾರದಲ್ಲಿ ಕಟ್ಟಿ ಅರಸೀಕೆರೆಗೆ ಒಯ್ದೆ. ಅವು ಅವರ ಮಗನಿಗೆ ಸೇರಬೇಕಾದವು.

ಮಗ ತೋಟದಿಂದ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕುಳಿತರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಒಂದೆರಡು ಕಾರ್ಡು ತಿರುಗಿಸಿ ನೋಡಿ, ಅಪ್ಪನ ಅಕ್ಷರದ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಕೇಳಿದರು, "ಈಗ್ಲಾದ್ರೂ ಅವರಿಗೆಲ್ಲ ಗೊತ್ತಾಯ್ತಾ, ಅಪ್ಪ ಹೋಗಿದ್ದು?"

ಗೊತ್ತಾಯಿತು ಎಂದೆ.

"ಏನಂದ್ರು?"

ಆಗಲೇ ನನಗೆ ಹೊಳೆದದ್ದು. ಬಂದ ಅಷ್ಟೂ ಉತ್ತರಗಳನ್ನು ಮನಸ್ಸಿನಲ್ಲಿ ಮಗುಚಿ ಹಾಕಿದೆ. ಎಲ್ಲರೂ ನನ್ನ ಬಗ್ಗೆ ಬರೆದಿದ್ದರು. ನನ್ನ ಮೋಸ, ನನ್ನ ಕೈಚಳಕ, ನನ್ನ ತಪ್ಪಿಗೆ ಕ್ಷಮೆ. ಅಜ್ಜ ಹೋದರಲ್ಲ ಎಂದು ಒಬ್ಬರೂ ಒಂದು ಸಾಲು ಬರೆದಿರಲಿಲ್ಲ. ಅವರಿಗಾಗಿ ಅಳುವ ಹೊತ್ತನ್ನು ನಾನು ಕದ್ದು ಮುಗಿಸಿಬಿಟ್ಟಿದ್ದೆ.

ಆ ಮನುಷ್ಯ ಕಾರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು.

"ಎಲ್ಲರೂ ಅತ್ತರು," ಎಂದೆ. ಅವರು ತಲೆಯಾಡಿಸಿ, ಇನ್ನೂ ಹೇಳಿ ಎನ್ನುವ ಹಾಗೆ ಕಾದರು. ಮುಂಬೈಯವರು ಏನು ಬರೆದರು, ದುಬೈಯವರು ಏನು ಬರೆದರು, ಮಂಗಳೂರಿನವರು ಯಾವ ಹಾಡು ನೆನೆಸಿಕೊಂಡರು ಎಂದು ಆ ಜಗಲಿಯ ಮೇಲೆ ಕುಳಿತು ಒಂದೊಂದಾಗಿ ಕಟ್ಟಿ ಹೇಳಿದೆ. ಅವರು ಎಲ್ಲವನ್ನೂ ನಂಬಿದರು.