ಕಾಡತೂಸಿನ ಜೊತೆಗೊಂದು ಚೀಟಿ

"ದೊಡ್ಡ ಗುಂಡಿಂದು ಕೊಡ್ರಿ ಮುರಗೆಪ್ಪಣ್ಣಾ. ಒಮ್ಮೆ ಬಿದ್ದಾಂವ ಮತ್ತ ಏಳಬಾರದು ನೋಡ್ರಿ!"

ಕಾಗವಾಡದ ಬಾಪುಸಾಹೇಬ ಹೀಗೆನ್ನುತ್ತ ಬಂದೂಕಿನ ಲೈಸೆನ್ಸ್ ಪುಸ್ತಕವನ್ನು ಮೇಜಿನ ಮೇಲಿಡುವಾಗ ಅಥಣಿ ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. 1990ರ ಡಿಸೆಂಬರಿನ ಚಳಿ. ಮೊದಲ ಬಸ್ಸಿಗೆ ಬರುವ ತೋಟದವರಿಗಾಗಿ ಬಂದೂಕಿನ ಅಂಗಡಿಯ ಒಂದು ಬಾಗಿಲು ಮಾತ್ರ ತೆರೆದಿದೆ. ಒಳಗೆ ಮುರಗೆಪ್ಪ ಬಡಿಗೇರ ಚಾಪೆಯ ಮೇಲೆ ಕೂತು, ಯಾರದೋ ಜೋಡುನಳಿಗೆ ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೂಸಿನ ಮೈ ಒರೆಸುವಂತೆ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಲೈಸೆನ್ಸಿನ ಕಡೆ ಅವರು ನೋಡುವುದಿಲ್ಲ. ಬಾಪುಸಾಹೇಬರ ಹಿಂದೆ, ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತ ಅವರ ತಾಯಿ ಚಂದ್ರಮತಿಯವರನ್ನು ನೋಡುತ್ತಾರೆ.

"ಕೊಡೋಣಂತ. ಮೊದಲ ಹೇಳ್ರಿ, ನಿಮ್ಮ ತ್ವಾಟದ ಮನಿ ಬಾಗಲಾ ಯಾವ ಕಡೆ ಮಾರಿ ಮಾಡೇತಿ?"

"ಬಾಗಲಾ ತಗೊಂಡು ಏನ್ ಮಾಡ್ತೀರಿ? ನಾ ಕಾಡತೂಸ ಕೇಳಾಕ ಬಂದೇನಿ!"

ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮಾಲೀಕ ಅಣ್ಣಾಸಾಬ ನಗುತ್ತಾರೆ. "ಹೇಳ್ರಿ, ಹೇಳ್ರಿ. ಮನಿ ನಕಾಶಾ ತಗದ ಹೊರತು ನಮ್ಮ ಮುರಗೆಪ್ಪನ ಕೈಯಾಗ ಕಾಡತೂಸ ಬರೂದಿಲ್ಲ. ಇಂಜಿನಿಯರ ಆಗಬೇಕಾಗಿತ್ತಂವ, ದಾರಿ ತಪ್ಪಿ ನನ್ನ ಅಂಗಡಿಗೆ ಬಂದಾನ."

ಬಾಪುಸಾಹೇಬರಿಗೆ ನಗು ಬರುವುದಿಲ್ಲ. ಹದಿನೈದು ದಿನದ ಹಿಂದೆ ಅವರ ತೋಟದಿಂದ ಎರಡು ಹೊಲದಾಚೆಯ ಮನೆಗೆ ಕಳ್ಳರು ನುಗ್ಗಿ, ಮುದುಕನ ತಲೆ ಒಡೆದು ಬಂಗಾರ ಒಯ್ದಿದ್ದಾರೆ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. "ನೀವು ಕೊಡದಿದ್ರ ಬೆಳಗಾವಿಗೆ ಹೋಗಿ ತರತೀನಿ," ಎನ್ನುತ್ತಾರೆ.

ಮುರಗೆಪ್ಪನವರಿಗೆ ಈಗ ಐವತ್ತಾರು. ತಂದೆ ಬಂಡಿ, ಕೂರಿಗೆ ಮಾಡುತ್ತಿದ್ದವರು. ಇಪ್ಪತ್ತೆರಡರ ಹರೆಯದಲ್ಲಿ ಒಂದು ಬಂದೂಕಿನ ಮುರಿದ ಕಟ್ಟಿಗೆಯ ಹಿಡಿಕೆ ಕೂರಿಸಿಕೊಡಲು ಈ ಅಂಗಡಿಗೆ ಬಂದರು. ಸಂಜೆಯ ಹೊತ್ತಿಗೆ ಮುಗಿಯುವ ಕೆಲಸ ಮೂವತ್ತನಾಲ್ಕು ವರ್ಷವಾದರೂ ಮುಗಿದಿಲ್ಲ. ಅಂಗಡಿಯ ದಫ್ತರದಲ್ಲಿ ಮುನ್ನೂರಕ್ಕೂ ಹೆಚ್ಚು ಲೈಸೆನ್ಸುಗಳಿವೆ. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಜನ ಬರುತ್ತಾರೆ. ಪ್ರತಿಯೊಬ್ಬರ ಮನೆಯ ಬಾಗಿಲು ಎತ್ತ, ಗೋಡೆ ಕಲ್ಲಿನದೋ ಮಣ್ಣಿನದೋ, ಮುದುಕರು ಎಲ್ಲಿ ಮಲಗುತ್ತಾರೆ ಎಂಬುದು ಮುರಗೆಪ್ಪನವರಿಗೆ ಬಾಯಿಪಾಠ. ದುರಸ್ತಿಯಾದ ಬಂದೂಕುಗಳನ್ನು ಹಾರಿಸಿ ನೋಡಿ ನೋಡಿ ಎಡಗಿವಿ ಕೇಳಿಸದಂತಾಗಿದೆ. ಮನೆಯಲ್ಲಿ ಬಂದೂಕಿಲ್ಲ. "ಒಂದು ನಾಯಿ ಐತ್ರಿ," ಎನ್ನುತ್ತಾರೆ. "ಅದೂ ಮುದಿ ಆಗೇತಿ. ಕಳ್ಳ ಬಂದ್ರ ಅದನ್ನ ನಾನ ಎಬ್ಬಿಸಬೇಕು."

ಆದರೆ ಮೊದಲು ಅವರು ಯಾರ ಮನೆಯ ಬಾಗಿಲನ್ನೂ ಕೇಳುತ್ತಿರಲಿಲ್ಲ. 1978ರಲ್ಲಿ ಅಲಖನೂರಿನ ಲಗಮಣ್ಣ ಬಂದು ದೊಡ್ಡ ಗುಂಡಿನದು ಬೇಕೆಂದಾಗ ಎಲ್.ಜಿ. ಎಂಬ ಕಾಡತೂಸು ಕೊಟ್ಟು ಕಳಿಸಿದರು. ಒಂದೊಂದು ಗುಂಡೂ ಕಡಲೆಕಾಳಿನಷ್ಟು ದಪ್ಪ. ಒಂದು ಕಾಡತೂಸಿನಲ್ಲಿ ಆರೇಳು ಮಾತ್ರ. ವಾರದೊಳಗೆ ಲಗಮಣ್ಣನ ತೋಟದಲ್ಲಿ ಬಾಗಿಲ ಹೊರಗೆ ಸಪ್ಪಳವಾಯಿತು. "ಯಾರದು?" ಎಂದು ಅವನು ಕೂಗಿದ್ದು ನಿಜ. ಹೊರಗಿದ್ದವಳು ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯಲು ಬಂದ ಗೌರಾಬಾಯಿ. ಕನ್ನಡದ ಒಂದಕ್ಷರ ಬಾರದ ಹೆಣ್ಣುಮಗಳು, ಗದರಿದ ದನಿಗೆ ಹೆದರಿ ಕಬ್ಬಿನ ರವದಿಯ ತಟ್ಟಿಯ ಹಿಂದೆ ಕುಕ್ಕರಿಸಿದಳು. ಲಗಮಣ್ಣ ಹಾರಿಸಿದ ಗುಂಡು ಬಾಗಿಲ ಹಲಗೆಯನ್ನೂ ತಟ್ಟಿಯನ್ನೂ ದಾಟಿ ಅವಳ ಮೊಣಕಾಲಿಗೆ ತಾಗಿತು.

"ಮಿರಜದ ದವಾಖಾನಿಗೆ ಹೋಗಿದ್ದೆ," ಎನ್ನುತ್ತಾರೆ ಮುರಗೆಪ್ಪ. "ಬಾಳೆಹಣ್ಣು ಒಯ್ದಿದ್ದೆ. ತುಮ್ಹೀ ಕೋಣ, ಅಂತ ಮರಾಠಿಯಾಗ ಕೇಳಿದಳ್ರಿ. ನೀವ್ಯಾರು ಅಂತ. ಏನಂತ ಹೇಳಲಿ? ಹಣ್ಣು ಇಟ್ಟು ಎದ್ದು ಬಂದೆ." ಗೌರಾಬಾಯಿ ಬದುಕಿದಳು. ಆ ಕಾಲು ಮತ್ತೆ ಮಡಚಲಿಲ್ಲ.

ಈಗ ಅವರು ಹಳೆಯ ಸಾಮಾನಿನ ಚೀಟಿಯೊಂದನ್ನು ತಿರುವಿ ಹಾಕಿ, ಪೆನ್ಸಿಲಿನಿಂದ ಚೌಕ ಎಳೆದು, ಬಾಪುಸಾಹೇಬರ ಮುಂದೆ ಸರಿಸುತ್ತಾರೆ. ಇಲ್ಲಿ ಬಾಗಿಲು, ಇಲ್ಲಿ ಪಡಸಾಲೆ. "ಕಬ್ಬು ಕಡಿಯೂ ಗ್ಯಾಂಗಿನವರು ಎಲ್ಲಿ ಜೋಪಡಿ ಹಾಕ್ಯಾರ?"

ಬಾಪುಸಾಹೇಬರ ಬೆರಳು ಕಾಗದದ ಮೇಲೆ ಬಂದು ನಿಲ್ಲುತ್ತದೆ. ಬಾಗಿಲಿಗೆ ನೇರ ಎದುರು. ನಲವತ್ತು ಹೆಜ್ಜೆ.

"ಹುಡುಗೂರು ಎಷ್ಟ ಅದಾವು?"

"ಯಾರ ಎಣಿಸ್ಯಾರ್ರಿ?"

"ಹದಿನಾಕು," ಎನ್ನುತ್ತಾರೆ ಚಂದ್ರಮತಿ, ಅಂಗಡಿಗೆ ಬಂದ ಮೇಲೆ ಮೊದಲ ಸಲ ಬಾಯಿ ತೆರೆದು. "ದ್ರೌಪದಿಂದು ಇನ್ನಾ ಮೊಲಿಕೂಸು." ಆಮೇಲೆ ಮುರಗೆಪ್ಪನವರ ಬಲಗಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳುತ್ತಾರೆ. "ದೀಪಕ್ಕ ಹುಳ ಬಿದ್ದು ಸಾಯಬಾರದಂತ ಹೊತ್ತು ಮುಳುಗೂದರಾಗ ಉಂಡು ಏಳೂ ಮಂದಿರಿ ನಾವು. ಅಂಥಾ ಮನ್ಯಾಗ ಇದನ್ನ ಇಟಕೊಂಡೇವಿ. ಕೊಲ್ಲಲಾರದಂಥಾದು ಯಾವುದರ ಇದ್ರ ಕೊಡ್ರಿ, ಅಣ್ಣಾ."

ಹೂಂ ಅಂದುಬಿಟ್ಟಿದ್ದರೆ ತಾಯಿಗೂ ಸಮಾಧಾನ, ವ್ಯಾಪಾರವೂ ಸುಲಭ. ಮುರಗೆಪ್ಪ ಬಂದೂಕನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಕಪಾಟಿನಿಂದ ಒಂದು ಕಾಡತೂಸು ತೆಗೆಯುತ್ತಾರೆ.

"ಅಂಥಾದ್ದು ಇಲ್ರಿ, ಅಕ್ಕಾರ. ಇದು ಆರ ನಂಬರ. ಒಳಗ ಸಜ್ಜಿಕಾಳಿನಷ್ಟ ಸಣ್ಣ ಛರ್ರಾ ಇರತಾವು. ಸಣ್ಣದು ಅಂದ್ರ ಸಾಧು ಅಂತ ತಿಳಕೋಬ್ಯಾಡ್ರಿ. ಒಂದ ಖೋಲ್ಯಾಗ ಎದರಾಬದರ ನಿಂತ್ರ ಇದೂ ಜೀವಾ ತಗೀತೈತಿ. ಆದ್ರ ತಪ್ಪಿದ ಗುಂಡು ಬಾಗಲಾ ದಾಟಿ ಹೋಗಿ ಮಲಗಿದವರಿಗೆ ಬಡಿಯೂ ಭಯ ಕಮ್ಮಿ. ಕಮ್ಮಿ ಅಂದೆ, ಇಲ್ಲ ಅನ್ನಲಿಲ್ಲ."

ಬಾಪುಸಾಹೇಬ ಚೀಟಿಯಲ್ಲಿನ ಜೋಪಡಿಗಳನ್ನೇ ನೋಡುತ್ತಿದ್ದಾರೆ. ಬೆಳಗಾವಿಯ ಮಾತು ಮತ್ತೆ ಬರುವುದಿಲ್ಲ. ಮುರಗೆಪ್ಪ ಪಡಸಾಲೆಯ ಮೂಲೆಯಲ್ಲೊಂದು ಗುರುತು ಹಾಕುತ್ತಾರೆ: ನಿಲ್ಲುವುದಾದರೆ ಇಲ್ಲಿ ನಿಲ್ಲಬೇಕು, ಗುಂಡಿಗೆದುರು ಯಾರೂ ಮಲಗದ ಅಡುಗೆಮನೆಯ ಕಲ್ಲಿನ ಗೋಡೆ ಬರುವಂತೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ: "ಮೊದಲು ಕೂಗು. ಯಾರದು? ಕೋಣ ಹಾಯ್? ಎರಡೂ ಕೂಗು. ಅಲ್ಲಿತನಕ ಬೆರಳು ಟ್ರಿಗರಿನ ಹೊರಗೆ." ಹನ್ನೆರಡು ವರ್ಷದಿಂದ ಈ ಅಂಗಡಿಯ ಕಾಡತೂಸು ಈ ಚೀಟಿಯಿಲ್ಲದೆ ಹೊಸ್ತಿಲು ದಾಟಿಲ್ಲ. ಬಾಪುಸಾಹೇಬ ಹತ್ತು ಕಾಡತೂಸು ಒಯ್ಯುತ್ತಾರೆ.

ಒಂಬತ್ತು ತಿಂಗಳ ಮೇಲೆ, ಮಳೆ ಹೊಳವಾದ ಒಂದು ಬೆಳಗು ಮೊದಲ ಬಸ್ಸಿನಿಂದ ಚಂದ್ರಮತಿ ಒಬ್ಬರೇ ಇಳಿದು ಬರುತ್ತಾರೆ. ಕೈಯಲ್ಲೊಂದು ಸ್ಟೀಲಿನ ಡಬ್ಬಿ, ಮಗನ ಲೈಸೆನ್ಸ್ ಪುಸ್ತಕ. ಮಳೆಗಾಲದ ತಂಪಿಗೆ ಕಾಗದದ ಕಾಡತೂಸುಗಳು ಉಬ್ಬಿ ನಳಿಗೆಗೆ ಕೂರದಂತಾಗುತ್ತವೆ. ಹಳೆಯವನ್ನು ತಂದೊಪ್ಪಿಸಿ ಹೊಸವನ್ನು ಒಯ್ಯುವುದು ಇಲ್ಲಿನ ವಾಡಿಕೆ. ಮುರಗೆಪ್ಪ ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸುತ್ತಾರೆ. ಎಂಟು. ಒಂಬತ್ತು. ಅವರ ಕೈ ಡಬ್ಬಿಯ ತಳ ತಡವುತ್ತದೆ.

"ಹತ್ತೂ ಅದಾವ್ರಿ," ಎನ್ನುತ್ತಾರೆ ಚಂದ್ರಮತಿ. "ಒಂದು ಕಮ್ಮಿ ಆಗೂದಿತ್ತು."

ಫೆಬ್ರುವರಿಯಲ್ಲಿ, ಇನ್ನೂ ಮೂಡಣ ಕೆಂಪಾಗದ ಹೊತ್ತಿನಲ್ಲಿ, ಬಾಗಿಲ ಹೊರಗೆ ಯಾರೋ ಸರಿದಾಡಿದರಂತೆ. ಬಾಪುಸಾಹೇಬ ಬಂದೂಕು ಹಿಡಿದು ಗುರುತಿನ ಮೂಲೆಗೆ ಹೋದರು. "ಯಾರದು?" ಎಂದು ಕೂಗಿದರು. ಸಪ್ಪಳ ನಿಂತಿತು.

"ನಾ ಅವನ ಹಿಂದ ನಿಂತಿದ್ದೆ, ಅಣ್ಣಾ. ಬೆರಳು ಒಳಗ ಹೋಗಿದ್ದು ನೋಡಿದೆ. ಚೀಟಿ, ಬಾಪೂ, ಚೀಟಿ, ಅಂದೆ. ಬೆರಳು ಹೊರಗ ತಗದ. ಕೋಣ ಹಾಯ್, ಅಂದ. ಮೀ ಹಾಯ್ ಮಾಲಕ, ದ್ರೌಪದಿ, ಅಂತ ದನಿ ಬಂತು. ಕೂಸಿಗೆ ಜ್ವರಾ ಬಂದು ಮೈ ಕೆಂಡ ಆಗಿತ್ರಿ. ಎತಗೊಂಡು ಬಂದಿದ್ದಳು."

ಮಗ ಬಂದೂಕು ಮಡಚಿ, ಕಾಡತೂಸು ಹೊರತೆಗೆದು, ಬಾಗಿಲು ತೆರೆದನಂತೆ. ಆಮೇಲೆ ದ್ರೌಪದಿಯನ್ನೂ ಕೂಸನ್ನೂ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಗವಾಡದ ಡಾಕ್ಟರರ ಬಾಗಿಲು ಬಡಿದನಂತೆ. "ಕೂಸು ಚಲೋ ಆತ್ರಿ. ಹಂಗಾಮ ಮುಗಿಸಿ ಊರಿಗೆ ಹೋಗೂವಾಗ ಬಾಪೂನ ಮೀಸಿ ಹಿಡದು ಜಗ್ಗತಿತ್ತು."

ಮುರಗೆಪ್ಪ ಕನ್ನಡಕ ತೆಗೆದು, ಕೈಗೆ ಸಿಕ್ಕ ಎಣ್ಣೆ ಬಟ್ಟೆಯಿಂದಲೇ ಒರೆಸಿ, ಇನ್ನಷ್ಟು ಮಸುಕು ಮಾಡಿಕೊಳ್ಳುತ್ತಾರೆ.

"ನಂದು ಒಂದ ಆಶಾ ಐತ್ರಿ, ಅಕ್ಕಾರ. ನಾ ಕೊಟ್ಟ ಕಾಡತೂಸ ಎಲ್ಲಾ ಹಿಂಗ ಉಬ್ಬಿ, ಕೆಟ್ಟು, ನನ್ನ ಕೈಗೆ ತಿರಿಗಿ ಬರಬೇಕು."

"ಅಂಗಡಿ ಮುಚ್ಚಸ್ತಾನ್ರಿ ಇಂವ!" ಎನ್ನುತ್ತಾರೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಣ್ಣಾಸಾಬ.

ಹೊಸ ಹತ್ತನ್ನು ಡಬ್ಬಿಗೆ ಹಾಕಿ ಮುರಗೆಪ್ಪ ಪೆನ್ಸಿಲು ಹುಡುಕುತ್ತಾರೆ. "ಚೀಟಿ ಹೊಸಾದು ಬರದು ಕೊಡತೀನಿ, ತಡೀರಿ."

"ಬ್ಯಾಡ್ರಿ, ಅಣ್ಣಾ. ಬಾಪು ಅದನ್ನ ಬಾಗಲಾ ಹಿಂದ ಅಂಟಿಸ್ಯಾನ. ದಿನಾ ಚಿಲಕಾ ಹಾಕೂವಾಗ ಓದತಾನ."

ಕಾಗವಾಡದ ಬಸ್ಸು ಹಾರ್ನ್ ಹೊಡೆಯುತ್ತದೆ. ಚಂದ್ರಮತಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೊರಡುತ್ತಾರೆ. ಮುರಗೆಪ್ಪ ಹಳೆಯ ಕಾಡತೂಸೊಂದನ್ನು ಎತ್ತಿ, ಅಳತೆಯ ಹಿತ್ತಾಳೆ ಬಳೆಯೊಳಗೆ ಇಳಿಸಿ ನೋಡುತ್ತಾರೆ. ಅದು ಅರ್ಧಕ್ಕೆ ನಿಲ್ಲುತ್ತದೆ. ಒತ್ತುವುದಿಲ್ಲ. ಮೆಲ್ಲಗೆ ಹೊರಗೆಳೆದು, ಮೇಜಿನ ಕೆಳಗಿನ ತಗಡಿನ ಡಬ್ಬಿಯಲ್ಲಿ ಅಂಥವೇ ಇರುವಲ್ಲಿ ಮಲಗಿಸಿ, ಎರಡನೆಯದಕ್ಕೆ ಕೈ ಚಾಚುತ್ತಾರೆ.